ಬಾಯಿ ಬಿಟ್ಟರೆ

ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಕಾಯಿಲೆಯ ಮರ್ಯಾದೆ ಇಲ್ಲ. ಎದೆ ಹಿಡಿದುಕೊಂಡರೆ ಇಡೀ ಬೀದಿ ಆಟೋ ಹುಡುಕುತ್ತದೆ. ದವಡೆ ಹಿಡಿದುಕೊಂಡರೆ ಯಾರೋ ಒಂದು ಲವಂಗ ತಂದುಕೊಡುತ್ತಾರೆ. ಕೆನ್ನೆ ಊದಿದರೆ ಮಕ್ಕಳು ಹನುಮಂತ ಎಂದು ನಗುತ್ತಾರೆ. ಹಿಂದೆ ಬಾಗಿಲ ಮೇಲೆ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಲ್ಲಿನ ಡಾಕ್ಟರಿಗೂ ನಾವು ಹೇಳುವುದು ಅದನ್ನೇ.

ಬಾಯಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳಲ್ಲಿ ಸುಮಾರು 700 ಜಾತಿ. ಈ ಜಾತಿಗಣತಿಗೆ ಮೊದಲು ಕೈಹಾಕಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ದಿನಾ ಉಪ್ಪಿನಲ್ಲಿ ಹಲ್ಲುಜ್ಜುವ ಶಿಸ್ತಿನ ಮನುಷ್ಯ. ಆದರೂ ಹಲ್ಲಸಂದಿಯ ಬಿಳಿ ಕೊಳೆ ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದರೆ ಅಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿದ್ದವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಜನ್ಮದಲ್ಲೇ ಹಲ್ಲುಜ್ಜದ ಒಬ್ಬ ಮುದುಕನ ಬಾಯನ್ನೂ ಬಿಡಲಿಲ್ಲ. ಅಲ್ಲಂತೂ ಜಾತ್ರೆಯೇ ನೆರೆದಿತ್ತು. ಮುಂದೊಮ್ಮೆ ಮುಂಭಾಗದ ಹಲ್ಲುಗಳಲ್ಲಿ ಅವು ಕಾಣದೇ ಹೋದಾಗ, ಬೆಳಗಿನ ಬಿಸಿ ಕಾಫಿಯೇ ಕೊಂದಿರಬೇಕು ಅಂದುಕೊಂಡ. ಕಾಫಿಗೆ ಇನ್ನೊಂದು ನೆಪ ಸಿಕ್ಕಿತೆಂದು ಹಿಗ್ಗಬೇಡಿ. ಒಳಗಿನ ದವಡೆಹಲ್ಲಿನಲ್ಲಿ ಅವು ಆರಾಮಾಗಿಯೇ ಇದ್ದವು.

ಬಾಯಲ್ಲಿರುವಷ್ಟು ದಿನ ಇವುಗಳಲ್ಲಿ ಹೆಚ್ಚಿನವು ಸಭ್ಯರೇ. ಒಸಡಿನಿಂದ ರಕ್ತಕ್ಕಿಳಿದರೂ ಸಾಮಾನ್ಯವಾಗಿ ದೇಹ ಅವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಆದರೆ ಹೃದಯದ ವಾಲ್ವ್ ಮೊದಲೇ ಕೆಟ್ಟಿದ್ದರೆ, ಅದರ ಒರಟು ಜಾಗಕ್ಕೆ ಅಂಟಿಕೊಂಡು ಗಂಟು ಕಟ್ಟುತ್ತವೆ. ಆ ಗಂಟಿನ ಚೂರು ಕಳಚಿ ಮೆದುಳಿಗೆ ಹೋದರೆ ಲಕ್ವ. ವಿಯೆನ್ನಾದ ದೊಡ್ಡ ಸಂಗೀತಗಾರ ಗುಸ್ಟಾವ್ ಮಾಹ್ಲರ್ 1911ರ ಫೆಬ್ರುವರಿಯಲ್ಲಿ ಜ್ವರವಿಟ್ಟುಕೊಂಡೇ ನ್ಯೂಯಾರ್ಕಿನಲ್ಲಿ ಕಛೇರಿ ನಡೆಸಿದ. ರಕ್ತ ತೆಗೆದು ಬೆಳೆಸಿ ನೋಡಿದರೆ ಸಿಕ್ಕಿದ್ದು ಬಾಯಲ್ಲಿ ಬದುಕುವ ಸ್ಟ್ರೆಪ್ಟೋಕಾಕಸ್. ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ. ಮೇ 18ಕ್ಕೆ ಆತ ತೀರಿಕೊಂಡ.

ಇಂಥದ್ದನ್ನು ಕಂಡ ವೈದ್ಯರಿಗೆ ಆಮೇಲೆ ಹಲ್ಲಿನ ಮೇಲೆ ಎಲ್ಲಿಲ್ಲದ ಅನುಮಾನ. ಅಮೆರಿಕದ ಟ್ರೆಂಟನ್ನಿನಲ್ಲಿ ಮಾನಸಿಕ ಆಸ್ಪತ್ರೆ ನಡೆಸುತ್ತಿದ್ದ ಹೆನ್ರಿ ಕಾಟನ್, ಹುಚ್ಚಿನ ಮೂಲವೇ ಹಲ್ಲಿನ ಕೀವು ಎಂದು ನಂಬಿ ರೋಗಿಗಳ ಹಲ್ಲು ಕೀಳಿಸಿದ. ವಾಸಿಯಾಗದಿದ್ದರೆ ಟಾನ್ಸಿಲ್, ಅದೂ ಸಾಲದಿದ್ದರೆ ದೊಡ್ಡಕರುಳು. ಎಷ್ಟೋ ಜನ ಸತ್ತರು. ತನ್ನ ಮಕ್ಕಳ ಹಲ್ಲನ್ನೂ ಕೀಳಿಸಿದನೆಂದರೆ ಮೋಸಗಾರ ಎನ್ನಲಾಗುವುದಿಲ್ಲ, ನಂಬಿಕೆಯವನು. ನನಗೆ ಅದೇ ಹೆಚ್ಚು ಭಯ.

ಈಗ ವೈದ್ಯರು ತಣ್ಣಗಾಗಿದ್ದಾರೆ. ಊಟ ಅಗಿಯುವಾಗ, ಹಲ್ಲುಜ್ಜುವಾಗಲೂ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಹಾಗಾಗಿ ಹಲ್ಲು ಕೀಳಿಸುವ ಮುಂಚಿನ ಮುನ್ನೆಚ್ಚರಿಕೆಯ ಆ್ಯಂಟಿಬಯಾಟಿಕ್ಕನ್ನು ಕೃತಕ ವಾಲ್ವಿನಂಥ ಹೆಚ್ಚು ಅಪಾಯವಿರುವವರಿಗಷ್ಟೇ ಕೊಡಿ ಎಂದು ಅಮೆರಿಕದ ಹೃದ್ರೋಗ ಸಂಘ 2007ರಲ್ಲಿ ಹೇಳಿತು. ಉಳಿದವರಿಗೆ ಗುಳಿಗೆಗಿಂತ ಬ್ರಷ್ಷೇ ವಾಸಿ.

ನಮ್ಮ ಸೋದರಮಾವನಿಗೆ ವಾಲ್ವ್ ಬದಲಿಸಬೇಕಾಗಿ ಬಂದಾಗ, ಮೊದಲು ಹಲ್ಲಿನ ಡಾಕ್ಟರಿಂದ ಚೀಟಿ ತನ್ನಿ ಅಂದರು. ‘ಎದೆ ರಿಪೇರಿಗೆ ಬಂದರೆ ಬಾಯಿ ತೆಗಿ ಅಂತೀರಲ್ಲ ಸ್ವಾಮಿ’ ಎಂದು ಮಾವ ರೇಗಿದರು. ಕೊಳೆತ ಹಲ್ಲುಗಳು ಹೋದವು, ಆಮೇಲೆ ಹೊಸ ವಾಲ್ವ್ ಬಂತು. ಈಗ ಯೋಗಕ್ಷೇಮ ವಿಚಾರಿಸಲು ಬಂದವರಿಗೆಲ್ಲ ಹೇಳುತ್ತಾರೆ: ‘ಹಾರ್ಟ್ ಆಪರೇಶನ್ ಏನೂ ಅಲ್ಲಪ್ಪ, ಪೂರ್ತಿ ಎಚ್ಚರ ತಪ್ಪಿಸ್ತಾರೆ. ಹಲ್ಲಿಂದು ಹಾಗಲ್ಲ, ಕಣ್ಣು ಬಿಟ್ಕೊಂಡೇ ಅನುಭವಿಸಬೇಕು.’