ಹಲ್ಲಿಕಾರ್ ಓಟದ ಜೋಡಿ: ಅತಿವೇಗದ ವಾಹನವೊಂದರ ತಾಂತ್ರಿಕ ಮೀಮಾಂಸೆ

ಫೆರಾರಿಯ ಲಾಂಛನ ಕುದುರೆ. ಟ್ರ್ಯಾಕ್ಟರ್ ಮಾಡುತ್ತಿದ್ದ ಲ್ಯಾಂಬೊರ್ಗಿನಿ ಕಾರಿಗೆ ಕೈಹಾಕಿದಾಗ ಇಟ್ಟುಕೊಂಡಿದ್ದು ಗೂಳಿ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರು ಲಾಂಛನದ ಗೊಡವೆ ಬಿಟ್ಟು ನೇರ ಹಲ್ಲಿಕಾರ್ ಎತ್ತನ್ನೇ ಗಾಡಿಗೆ ಕಟ್ಟಿದರು. ಇಷ್ಟಾದರೂ ಈ ವಾಹನದ ಗುಣದೋಷಗಳ ಬಗ್ಗೆ ವಿದ್ವತ್‌ಲೋಕ ಕೆಮ್ಮಿಯೂ ಇಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ವಂಶಾವಳಿ ಚಿಕ್ಕದಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅಲ್ಲಿ ಫಿರಂಗಿ ಎಳೆದ ತಳಿಗೆ ಹಲ್ಲಿಕಾರೇ ಮೂಲ.

ಯಾವ ಮಾಡೆಲ್ ಎಂದು ತಿಳಿಯಲು ಆರ್‌ಸಿ ಪುಸ್ತಕ ಬೇಕಿಲ್ಲ, ತುಟಿ ಸರಿಸಿದರೆ ಸಾಕು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು ಎಂಬುದು ಕಾಲಾನುಕ್ರಮ. ಪೇಟೆಯ ಸಂಶೋಧಕರು ಮೇಲ್ದುಟಿ ಎತ್ತಿ ನೋಡಿ, ‘ಎಲ್ಲ ಉದುರಿಹೋಗಿವೆಯಲ್ರೀ’ ಎಂದು ಗಾಬರಿಬೀಳುವುದುಂಟು. ಎತ್ತಿಗೆ ಮೇಲಿನ ಮುಂಬಾಯಲ್ಲಿ ಹಲ್ಲೇ ಹುಟ್ಟುವುದಿಲ್ಲ. ಇದನ್ನು ತಯಾರಿಕೆಯ ದೋಷವೆಂದು ಭಾವಿಸಿ ದೂರು ಕೊಡಬಾರದು.

ಮಾಲೀಕನ ನಿದ್ದೆ ಕೆಡಿಸುವುದು ಸುಳಿ. ಕೂದಲು ಯಾವ ಕಡೆ ತಿರುಗಿದೆ ಎಂಬುದಕ್ಕೂ ಮನೆಯ ಏಳಿಗೆಗೂ ಏನು ನಂಟೋ, ಕೇಳಿದರೆ ‘ಹಿರೀಕ್ರು ಹೇಳವ್ರೆ’ ಎಂಬ ಪ್ರಮಾಣವೊಂದೇ ಸಿಗುತ್ತದೆ. ಆದರೂ ಸುಳಿ ಜಾಗ ತಪ್ಪಿದ್ದರೆ ಬೆಲೆ ದಬಕ್ಕನೆ ಇಳಿಯುತ್ತದೆ. ಜಾತ್ರೆಯಲ್ಲಿ ಮಾರುವವನು ಎತ್ತಿನ ಬೆನ್ನಿನ ಒಂದೇ ಜಾಗದಲ್ಲಿ ಅಂಗೈ ಇಟ್ಟು ಪ್ರೀತಿಯಿಂದ ಸವರುತ್ತಲೇ ನಿಂತಿದ್ದರೆ, ಪ್ರಾಜ್ಞರು ಆ ಪ್ರೀತಿಯ ಅಡಿಯಲ್ಲಿ ಏನಿದೆ ಎಂದು ನೋಡತಕ್ಕದ್ದು.

ಟೈರಿನ ಲೆಕ್ಕವೂ ವಿಚಿತ್ರ. ಗೊರಸು ಸೀಳಿರುವುದರಿಂದ ಕಾಲಿಗೆರಡು ಲಾಳ. ನಾಲ್ಕು ಕಾಲಿಗೂ ಹೊಡೆಸಿದರೆ ಜೋಡಿಗೆ 16. ಬದಲಿಸಬೇಕಾದರೆ ವಾಹನವನ್ನು ಹಗ್ಗ ಹಾಕಿ ಕೆಡವಿ ಕಾಲು ಕಟ್ಟಬೇಕು. ಈ ಸೇವೆಯ ನಡುವೆ ಒದೆಯುವ ಸ್ವಭಾವ ಬೇರೆ ಕಂಪನಿಗಳ ಗಾಡಿಗಿನ್ನೂ ಬಂದಿಲ್ಲ.

ಸ್ಟಿಯರಿಂಗ್ ಸಮಸ್ಯೆ ಇನ್ನೂ ಸೂಕ್ಷ್ಮ. ಎಡಗೋಲಿನಲ್ಲಿ ಪಳಗಿದ್ದನ್ನು ಬಲಕ್ಕೆ ಹೂಡಿದರೆ ನೊಗ ಕೊಡವಿ ಅಡ್ಡ ನಿಲ್ಲುತ್ತದೆ. ದುಡ್ಡು ಎಣಿಸಿಕೊಂಡ ಮೇಲಷ್ಟೇ ಮಾರಿದವನು ಬಾಯಿ ಬಿಡುತ್ತಾನೆ: ‘ಅದು ಬಲಗೋಲ್ನಾಗೆ ಬರಾಕಿಲ್ಲ ಕಣಣ್ಣ.’

ಇಂಧನ ಹುರುಳಿ, ಹಿಂಡಿ, ಬೂಸಾ. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಾಗಲೂ ಕುಡಿಯುವ ಇಂಜಿನ್ ಇದು. ‘ಇವುಕ್ಕೆ ಬೇಯ್ಸೋ ಹುರುಳೀಲಿ ಒಂದಿನಾನಾರ ಬಸ್ಸಾರ್ ಮಾಡ್ಬೋದಿತ್ತು’ ಎಂಬ ಒಳಮನೆಯ ಆಕ್ಷೇಪಕ್ಕೆ ಈ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಕಾನೂನಿನ ಅಧ್ಯಾಯ ಉದ್ದ. 2014ರಲ್ಲಿ ಸುಪ್ರೀಂ ಕೋರ್ಟ್ ಓಟ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ಕಂಬಳ, ಎತ್ತಿನಗಾಡಿ ಓಟಗಳಿಗೆ ದಾರಿ ಮಾಡಿತು. 2023ರ ಮೇನಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಾಲ ಕಚ್ಚುವವನಿಗೆ, ಮುಳ್ಳುಗೋಲಿನವನಿಗೆ ಇದರಿಂದ ಪರವಾನಗಿ ಸಿಕ್ಕಿದೆಯೆಂದು ಯಾರೂ ತಿಳಿಯಬಾರದು. ಈ ವಾಹನದಲ್ಲಿ ಕೆಟ್ಟು ನಿಲ್ಲುವ ಬಿಡಿಭಾಗ ಬಹುತೇಕ ಮೇಲೆ ಕೂತವನೇ.

ಇನ್ನು ರಸ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಮಂಡ್ಯದಲ್ಲೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರಿನ ಜೊತೆ ಎತ್ತಿನಗಾಡಿಗೂ ಅದರ ಮುಖ್ಯಪಥ ನಿಷಿದ್ಧ. ಮೇಲೆ ಲ್ಯಾಂಬೊರ್ಗಿನಿಯ ಗೂಳಿ, ಕೆಳಗೆ ಸರ್ವಿಸ್ ರಸ್ತೆಯಲ್ಲಿ ಅಸಲಿ ಮಾಲು.

ಕೊಳ್ಳಬೇಕೆಂದಿರುವವರಿಗೆ ಒಂದು ಮಾತು: ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವ ಮುಂಚೆ ಎರಡೂ ಕಡೆ ಹೂಡಿಸಿ ನಡೆಸಿ ನೋಡಿ. ಆಮೇಲೆ ಷೋರೂಮಿಗೆ ಬಂದು ಕೂಗಾಡಿದರೆ, ಜಾತ್ರೆ ಮುಗಿದಿರುತ್ತದೆ.