ಪಂಪಿನ ಆಚೆಗೊಂದು, ಈಚೆಗೊಂದು

ಅಲ್ಲ ಕಾಕಾ, ಬೆಳಿಗ್ಗೆ ನಿಮ್ಮ ಟೆರೇಸಿಂದ ಮೋರಿಗೆ ಅಷ್ಟು ನೀರು ಧುಮುಕ್ತಿತ್ತಲ್ಲ, ಏನಾಗಿತ್ತು? ಸೋಲಾರಿಗೆ ಕೂಡಿಸಿರೋ ಪ್ರೆಷರ್ ಪಂಪಿನ ಸೀಲು ಹೋಗೈತಾ? ಹೋಗ್ಲಿ ಬಿಡ್ರಿ, ಸೀಲು ಅಂದಮೇಲೆ ಸವೀತದೆ. ಆದ್ರೆ ಅದನ್ನ ಬದಲಾಯಿಸೋಕೆ ಟ್ಯಾಂಕೇ ಖಾಲಿ ಮಾಡಬೇಕಾಯ್ತಲ್ಲ, ಅದಕ್ಕೆ ಹೊಟ್ಟೆ ಉರೀತದೆ. ನೀರು ಬರೋ ಕಡೆ ಒಂದು, ಹೋಗೋ ಕಡೆ ಒಂದು ವಾಲ್ವ್ ಇದ್ದಿದ್ರೆ ಎರಡೂ ಬಂದ್ ಮಾಡಿ, ಪೈಪು ಕೂಡಿಸಿರೋ ಯೂನಿಯನ್ ಬಿಚ್ಚಿ, ಪಂಪನ್ನ ಕಂಕುಳಲ್ಲಿಟ್ಕೊಂಡು ರಿಪೇರಿ ಅಂಗಡಿಗೆ ಹೋಗಬಹುದಿತ್ತು. ಚೆಲ್ಲೋದು ಒಂದು ಚೊಂಬು ನೀರು, ಅಷ್ಟೇ.

ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡ್ಕೊಳ್ರಿ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು! ಡ್ಯಾಮು ತುಂಬಿ ನಿಂತಿತ್ತು. ಒತ್ತಡ ಇಳೀಲಿ ಅಂತ 33ರಲ್ಲಿ ಉಳಿದ ಗೇಟುಗಳನ್ನೂ ಎತ್ತಿದ್ರು. ಹೊಸ ಗೇಟು ಕೂಡಿಸಬೇಕು ಅಂದ್ರೆ ನೀರು ಇಪ್ಪತ್ತು ಅಡಿ ಇಳೀಬೇಕು ಅನ್ನೋ ಮಾತು ಬಂತು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಭತ್ತಕ್ಕೆ ಹೋಗಬೇಕಾದ ನೀರು ಸುಮ್ಮನೆ ಹೊಳೆ ಪಾಲು. ಗೇಟು ಕೆಟ್ರೆ ಆ ಕಂಡಿಯನ್ನ ಅಡ್ಡಗಟ್ಟೋ ಸ್ಟಾಪ್‌ಲಾಗ್ ಕೈಗೆ ಸಿಗೋ ಹಂಗೆ ತಯಾರಿರಲಿಲ್ಲ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಅದನ್ನ ತುಂಡು ತುಂಡಾಗಿ ಮಾಡಿಸಿ, ಭೋರ್ಗರೆಯೋ ನೀರಲ್ಲೇ ಒಂದರ ಮೇಲೊಂದು ಇಳಿಸಿ 17ನೇ ತಾರೀಖಿಗೆ ಮುಚ್ಚಿದ್ರು. ಅಲ್ಲಿ ನಿಂತು ಕೆಲಸ ಮಾಡಿದ ಒಬ್ಬೊಬ್ಬರಿಗೂ ನಾನು ಇವತ್ತಿಗೂ ಕೈ ಮುಗೀತೀನಿ. ನಿಮ್ಮ ಟೆರೇಸಲ್ಲಿ ಇವತ್ತು ಆಗಿದ್ದೂ ಅದೇ ತಾಪತ್ರಯ: ಕೆಟ್ಟದ್ದರ ಮುಂದೆ ನೀರು ತಡೆಯೋಕೆ ಏನೂ ಇಲ್ಲ.

ಹಿಂದಿನವರು ಇದನ್ನ ಚೆಂದ ತಿಳಿದಿದ್ರು ಕಾಕಾ. ಹಳೇ ಕೆರೆಗಳ ತೂಬು ನೋಡೀರಲ್ಲ? ಎರಡು ಕಲ್ಲಿನ ಕಂಬ, ಅಡ್ಡಕಲ್ಲು, ನಡುವೆ ಮರದ ದಿಂಡು; ಅದರ ತುದಿಯ ಗೂಟ ಕೆಳಗಿನ ಚಪ್ಪಡಿಯ ತೂತಿಗೆ ಬಿಗಿಯಾಗಿ ಕೂರ್ತದೆ. ಅದನ್ನ ಏರಿಯ ಹೊರಗಡೆ ಇಡಲಿಲ್ಲ, ನೀರಿನ ಕಡೆಗೇ ಇಟ್ರು. ಗೂಟ ಬಡಿದ್ರೆ ಏರಿ ಕೆಳಗಿನ ಕಲ್ಲುದಾರಿ ಪೂರಾ ಒಣಗ್ತದೆ, ಹೂಳು ತೆಗೀಬಹುದು.

ವಾಲ್ವ್ ತರೋವಾಗ ಅಂಗಡಿಯಲ್ಲಿ ಫುಲ್ ಬೋರ್ ಬಾಲ್ ವಾಲ್ವ್ ಅಂತ ಬಾಯಿಬಿಟ್ಟು ಕೇಳ್ರಿ. ಅಗ್ಗದ್ದರಲ್ಲಿ ಒಳಗಿನ ಗುಂಡಿನ ತೂತು ಪೈಪಿಗಿಂತ ಸಣ್ಣ ಇರ್ತದೆ, ಪಂಪಿನ ಶಕ್ತಿಯನ್ನ ಅದೇ ತಿಂದುಬಿಡ್ತದೆ. ಬಿಸಿನೀರಿನ ಲೈನಿಗೆ ಹಿತ್ತಾಳೇದು ಹಾಕ್ರಿ; ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗ್ತದೆ. ಹಿಡಿ ಪೈಪಿನ ಉದ್ದಕ್ಕೆ ಇದ್ರೆ ಚಾಲೂ, ಅಡ್ಡ ಇದ್ರೆ ಬಂದ್, ದೂರದಿಂದಲೇ ಗೊತ್ತಾಗ್ತದೆ. ಆದ್ರೆ ಫಟ್ ಅಂತ ಮುಚ್ಚಬೇಡ್ರಿ, ಪೈಪು ಧಡ್ ಅಂತ ಒದೀತದೆ. ಪಂಪು ಓಡ್ತಿರೋವಾಗ ಟ್ಯಾಂಕಿನ ಕಡೆಯದನ್ನ ಮುಟ್ಟಲೇಬಾರ್ದು. ನೀರು ವಾಪಸ್ ಬರದಂಗೆ ತಡೆಯೋ ಎನ್‌ಆರ್‌ವಿ ಇದ್ರೆ ಅದು ಪಂಪಿಗೂ ನೀರು ಹೋಗೋ ಕಡೆಯ ವಾಲ್ವಿಗೂ ನಡುವೆ ಬರಲಿ, ಆಗ ಅದನ್ನೂ ಬಿಚ್ಚಿ ತೊಳೀಬಹುದು. ಹೊಳೆದಂಡೆ ಮೋಟರಿನ ಮಾತು ಬೇರೆ. ನೀರು ಪಂಪಿಗಿಂತ ಕೆಳಗಿರ್ತದೆ, ಸಕ್ಷನ್ನಿಗೆ ಫುಟ್‌ವಾಲ್ವ್ ಸಾಕು. ಅಲ್ಲಿ ಗೇಟ್ ವಾಲ್ವ್ ಹಾಕಿದ್ರೆ ಅದರ ಕಡ್ಡಿ ಸುತ್ತಲಿನ ಗ್ಲಾಂಡಿನಿಂದ ಗಾಳಿ ಎಳೆದು ಪಂಪು ನೀರೇ ಎತ್ತದೆ ಹೋಗಬಹುದು.

ಇನ್ನೊಂದು ತಪ್ಪು, ವಾಲ್ವ್ ಹಾಕಿದ ಮೇಲೆ ಮರೆತುಬಿಡೋದು. ಸಂಡೂರಿನ ತಂಗಿ ಮನೆಯಲ್ಲಿ ಬೋರಿನ ಗಡಸು ನೀರು. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನ ಕಡ್ಡಿ ಸುತ್ತ ಬಿಳಿ ಸುಣ್ಣ ಹೆಪ್ಪುಗಟ್ಟಿತ್ತು, ಚಕ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಅಂಥದ್ದಕ್ಕೆ ಪಾನಾ ಹಾಕಿ ಬಲವಂತ ಮಾಡಿದ್ರೆ ಕಡ್ಡಿಯೇ ಮುರೀತದೆ. ಒಂದೆಳೆ ಮುಚ್ಚೋ ಕಡೆ, ಒಂದೆಳೆ ತೆರೆಯೋ ಕಡೆ, ಹಂಗೇ ಪುಸಲಾಯಿಸಿ ಬಿಡಿಸಬೇಕು. ಕಡ್ಡಿ ಹತ್ರ ಹನಿ ಬಿದ್ರೆ ಗ್ಲಾಂಡ್ ನಟ್ಟನ್ನ ಸ್ವಲ್ಪವೇ ಬಿಗಿ ಮಾಡ್ರಿ. ಗೇಟ್ ವಾಲ್ವನ್ನ ಅರ್ಧ ತೆರೆದಿಟ್ಟು ನೀರು ಕಮ್ಮಿ ಮಾಡೋ ಚಟ ಕೆಲವರಿಗೆ ಇರ್ತದೆ. ಒಳಗಿನ ಹಲಗೆ ಅದುರಿ ಅದುರಿ ಸವೆದು, ಆಮೇಲೆ ಬಂದ್ ಮಾಡಿದ್ರೂ ನೀರು ನಿಲ್ಲೋದಿಲ್ಲ. ಅಮಾವಾಸ್ಯೆಗೆ ಹೆಂಗೂ ಗಾಡಿಗೆ, ಮೋಟರಿಗೆ ಪೂಜೆ ಮಾಡ್ತೀರಲ್ಲ, ಅವತ್ತೇ ಎರಡೂ ವಾಲ್ವ್ ಒಂದ್ಸಲ ಪೂರ್ತಿ ಮುಚ್ಚಿ ತೆಗೀರಿ.

ಹಾಂ, ನಾಳೆ ಪ್ಲಂಬರ್ ಬಂದಾಗ ನನ್ನ ಕೂಗ್ರಿ. ಯೂನಿಯನ್ ವಾಲ್ವಿಗೂ ಪಂಪಿಗೂ ನಡುವೆ ಬರಬೇಕು. ಟ್ಯಾಂಕಿಗೂ ವಾಲ್ವಿಗೂ ನಡುವೆ ಕೂಡಿಸಿಬಿಟ್ರೆ ಮುಂದಿನ ಸಲ ವಾಲ್ವ್ ಇದ್ದೂ ಟ್ಯಾಂಕು ಖಾಲಿ ಮಾಡಬೇಕಾಗ್ತದೆ.