ಹಿಂಬದಿ ಸೀಟಿನಡಿಯ ಪರತತ್ತ್ವ: ಫ್ಯೂಯೆಲ್ ಪಂಪ್ ಮೀಮಾಂಸೆ

ಶಾಸ್ತ್ರ ಬರೆಯಲು ಹೊರಟವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರನ್ನು ಮಾರಲು ಮನಸ್ಸಿಲ್ಲದೆ, ಇಟ್ಟುಕೊಳ್ಳಲು ಧೈರ್ಯವಿಲ್ಲದೆ, ಆರ್‌ಸಿ ಮಾತ್ರ ನವೀಕರಿಸಿಕೊಂಡಿರುವ ಗೃಹಸ್ಥನೇ ಈ ಗ್ರಂಥಕ್ಕೆ ಅಧಿಕಾರಿ. ಟ್ಯಾಂಕಿನೊಳಗೆ ಮುಳುಗಿ ಕುಳಿತ ಪಂಪು ವಿಷಯ. ಇವರಿಬ್ಬರ ನಡುವಿನದು ಮೊದಲು ತಳ್ಳುವ, ಆಮೇಲೆ ಟೋ ಮಾಡಿಸುವ ಸಂಬಂಧ. ಮೆಕ್ಯಾನಿಕ್ ಕೊಟ್ಟ ಬಿಲ್ಲು ಅರ್ಥವಾಗುವುದು ಪ್ರಯೋಜನ. ಅದು ಕಡಿಮೆಯಾಗುತ್ತದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕೃತಯುಗದಲ್ಲಿ ಹೀಗಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಾನೆಟ್ ಎತ್ತಿದರೆ ಪಂಪು ಎಂಜಿನ್ನಿನ ಪಕ್ಕದಲ್ಲೇ ದರ್ಶನ ಕೊಡುತ್ತಿತ್ತು. ಬೇಸಿಗೆಯಲ್ಲಿ ಚಾರ್ಮಾಡಿ ಏರುವಾಗ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಡಿ ನಿಂತರೆ, ಡ್ರೈವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಲೆಯಡಿಕೆಗೆ ಕೂರುತ್ತಿದ್ದ. ಬಾಯಿ ಕೆಂಪಾಗುವಷ್ಟರಲ್ಲಿ ಪಂಪು ತಣ್ಣಗಾಗುತ್ತಿತ್ತು. ಮಾರಿಸ್ ಮೈನರಿನದು ವಿದ್ಯುತ್ ಪಂಪು. ಟಿಕ್ ಟಿಕ್ ಎನ್ನುವುದನ್ನು ನಿಲ್ಲಿಸಿದರೆ ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ಕುಟ್ಟುವುದೇ ಸಂಪ್ರದಾಯ. 1983ರಲ್ಲಿ ಬಂದ ಮಾರುತಿ 800 ಕೂಡ ಕಾರ್ಬುರೇಟರ್ ಇರುವತನಕ ಈ ಮರ್ಯಾದೆ ಮೀರಲಿಲ್ಲ.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಮನೆಮನೆಯ ಕಾರಿಗೆ ಪೆಟ್ರೋಲನ್ನು ಚಿಮ್ಮಿಸುವ ಎಂಪಿಎಫ್‌ಐ ಬಂತು. ಹಳೆಯ ಪಂಪಿನ ಹತ್ತು ಪಟ್ಟು ಒತ್ತಡ, ಅಂದರೆ ಸುಮಾರು 3 ಬಾರ್, ಬೇಕಾಯಿತು. ಪಂಪಿಗೆ ದೂರದಿಂದ ಹೀರುವುದಕ್ಕಿಂತ ಹತ್ತಿರದಿಂದ ನೂಕುವುದು ಸುಲಭ. ಪೆಟ್ರೋಲಿನಲ್ಲೇ ಮುಳುಗಿದ್ದರೆ ಬಿಸಿಯಾಗದು, ಸದ್ದೂ ಕಡಿಮೆ. ಆದ್ದರಿಂದ ಅದನ್ನು ಟ್ಯಾಂಕಿಗೇ ಇಳಿಸಿದರು. ಪೆಟ್ರೋಲಿನ ಮಧ್ಯೆ ಕಾರ್ಬನ್ ಬ್ರಶ್ಶು ಕಿಡಿ ಹಾರಿಸುತ್ತಾ ತಿರುಗುವ ಮೋಟರು, ಸುಡಲು ಬೇಕಾದ ಗಾಳಿ ಸಿಗದ್ದರಿಂದ ಯಾರನ್ನೂ ಸುಡದು. ಕಡಲ ತಳದ ಬಡಬಾಗ್ನಿಯನ್ನು ನಂಬದವರು ಹಿಂದಿನ ಸೀಟಿನ ಮೇಲೆ ಕೂತು ಯೋಚಿಸಬಹುದು.

ಪಂಪು ಸತ್ತಿದೆಯೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷ ಪ್ರಮಾಣ ಇಲ್ಲಿ ಕೆಲಸಕ್ಕೆ ಬಾರದು. ಸೀಟಿನಡಿ ಕಾರ್ಪೆಟ್, ಕಾರ್ಪೆಟ್ ಅಡಿ ತಗಡು, ತಗಡಿನಡಿ ಟ್ಯಾಂಕು, ಅದರೊಳಗಿನದನ್ನು ಕಂಡವರಾರು? ನೈಯಾಯಿಕರು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸಿದರು. ನಾವು ಕೀಲಿ ತಿರುಗಿಸಿ ಕಿವಿಗೊಡಬೇಕು. ಬದುಕಿರುವ ಪಂಪು ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಗುಂಯ್ ಕೇಳದಿದ್ದರೆ ಪಂಪಿಲ್ಲ. ಭಾಟ್ಟ ಮೀಮಾಂಸಕರು ಇದಕ್ಕೆ ಅನುಪಲಬ್ಧಿಯೆಂಬ ಆರನೆಯ ಪ್ರಮಾಣದ ಪಟ್ಟ ಕಟ್ಟುತ್ತಾರೆ, ಪ್ರಾಭಾಕರರು ಒಪ್ಪುವುದಿಲ್ಲ. ಜೇಬಿನ ದೃಷ್ಟಿಯಿಂದ ಪ್ರಾಭಾಕರರೇ ಸರಿ: ಪುಟ್ಟದೊಂದು ಫ್ಯೂಸ್ ಸುಟ್ಟಿದ್ದರೂ, ರಿಲೇ ಕೆಟ್ಟಿದ್ದರೂ, ಟ್ಯಾಂಕಿನ ಕನೆಕ್ಟರಿಗೆ ಕಿಲುಬು ಹಿಡಿದಿದ್ದರೂ ಗುಂಯ್ ಕೇಳಿಸದು. ಇದರ ತಿರುಗುಮುರುಗೂ ಉಂಟು. ಪಂಪು ಗುಂಯ್ ಎನ್ನುತ್ತಲೇ ಇದ್ದು ಒತ್ತಡ ಮಾತ್ರ ಏರದಿರಬಹುದು. ಸದ್ದು ಮಾಡುವವರೆಲ್ಲ ಕೆಲಸ ಮಾಡುತ್ತಿದ್ದಾರೆಂದು ತಿಳಿಯುವುದು ನ್ಯಾಯಶಾಸ್ತ್ರದಲ್ಲಿ ಹೇತ್ವಾಭಾಸ, ವಿಧಾನಸಭೆಯಲ್ಲಿ ಅಲ್ಲ. ಉಳಿದದ್ದು ಆಪ್ತವಾಕ್ಯ. ಬಾನೆಟ್ ತೆರೆಯುವ ಮೊದಲೇ ‘ಪಂಪ್ ಹೋಗಿದೆ ಸಾರ್’ ಎನ್ನುವವನು ತ್ರಿಕಾಲಜ್ಞಾನಿ. ಟೆಸ್ಟ್ ಲ್ಯಾಂಪ್ ಇಟ್ಟು ಕರೆಂಟ್ ಬರುತ್ತಿದೆಯೇ ಎಂದು ನೋಡುವವನು ಮೆಕ್ಯಾನಿಕ್. ಗಾಡಿಯನ್ನು ಎರಡನೆಯವನಿಗೆ ಕೊಡಿ.

ಸತ್ತದ್ದು ಖಚಿತವಾದ ಮೇಲೆ ಮತಭೇದ ಶುರು. ತಾಡನವಾದಿಗಳು ಕೆಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಟ್ಯಾಂಕಿಗೆ ಹೊಡೆಯುತ್ತಾರೆ. ಬ್ರಶ್ಶು ಸವೆದ ಮೋಟರು ಒಮ್ಮೊಮ್ಮೆ ಬೆಚ್ಚಿಬಿದ್ದು ತಿರುಗುವುದೂ ಉಂಟು. ಗ್ಯಾರೇಜಿನ ತನಕ ಬಂದರೆ ಪುಣ್ಯ. ಛೇದನವಾದಿಗಳು ಸೀಟು ಕಿತ್ತು ನೆಲದ ತಗಡಿಗೆ ಗ್ರೈಂಡರ್ ಹಿಡಿಯುತ್ತಾರೆ. ಪೆಟ್ರೋಲ್ ಟ್ಯಾಂಕಿನ ಎರಡು ಬೆರಳು ಮೇಲೆ ಕಿಡಿ ಹಾರಿಸುವುದು ಮೋಕ್ಷಮಾರ್ಗವೆಂಬುದರಲ್ಲಿ ಸಂಶಯವಿಲ್ಲ, ನಮ್ಮ ತಕರಾರು ಅವಸರದ ಬಗ್ಗೆ ಮಾತ್ರ. ಟ್ಯಾಂಕ್ ಖಾಲಿ ಮಾಡಿದ್ದೇವಲ್ಲ ಎಂಬ ಅವರ ಸಮಾಧಾನ ಇನ್ನೂ ಅಪಾಯ, ಹತ್ತಿಕೊಳ್ಳುವುದು ಉಳಿದ ಆವಿಯೇ.

ಹಾಗಾಗಿ ಅವರೋಹಣವಾದವೇ ಗ್ರಾಹ್ಯ: ಬ್ಯಾಟರಿಯ ಮೈನಸ್ ಬಿಚ್ಚಿ, ಟ್ಯಾಂಕನ್ನೇ ಕೆಳಗಿಳಿಸುವುದು. 35 ಲೀಟರ್ ತುಂಬಿದ್ದರೆ ಪೆಟ್ರೋಲಿನದೇ 26 ಕೆ.ಜಿ. ತೂಕ. ತುಂಬಿಯೇ ಇರುತ್ತದೆ. ವರ್ಷಗಟ್ಟಲೆ ರಿಸರ್ವ್‌ನಲ್ಲೇ ಓಡಿಸಿ, ತಂಪು ಸಿಗದೆ ಬೆಂದ ಪಂಪಿನ ಮೇಲೆ ಮಾಲೀಕನಿಗೆ ಎಂದೋ ಕನಿಕರ ಹುಟ್ಟಿ ಫುಲ್ ಟ್ಯಾಂಕ್ ಮಾಡಿಸುತ್ತಾನೆ; ಅಷ್ಟಕ್ಕೆ ಕಾದಿದ್ದಂತೆ ಅದು ಪ್ರಾಣ ಬಿಡುತ್ತದೆ. ಗಂಗೋದಕ ಬಾಯಿಗೆ ಬೀಳುವುದು ಯಾವಾಗಲೆಂದು ಗೊತ್ತಲ್ಲ.

ತುಕ್ಕು ಹಿಡಿದ ಬೋಲ್ಟು, ಒಣಗಿ ಬಿರುಕುಬಿಟ್ಟ ಹೋಸು ದಾಟಿ ಟ್ಯಾಂಕ್ ನೆಲಕ್ಕೆ ಬಂದಾಗ ಅದರ ನೆತ್ತಿಯ ಮೇಲೆ ಬೆರಳ ದಪ್ಪ ಕೆಸರು. ಅದನ್ನು ಬಟ್ಟೆಯಲ್ಲಿ ಒರೆಸದೆ ಪಂಪನ್ನು ಬಿಗಿಹಿಡಿದ ರಿಂಗು ತಿರುಗಿಸಿದರೆ ಆ ಮಣ್ಣೆಲ್ಲ ಹೊಸ ಪಂಪಿಗೆ ಮೊದಲ ಊಟ. ರಿಂಗಿಗೆ ಹಿತ್ತಾಳೆಯ ಉಳಿ ಇಟ್ಟು ಮೆಲ್ಲಗೆ ಕುಟ್ಟಬೇಕು; ಕಬ್ಬಿಣದ ಉಳಿಯಾದರೆ ಕಿಡಿ. ಪೆಟ್ರೋಲಿನ ಮಟ್ಟ ಹೇಳುವ ಫ್ಲೋಟ್ ಬಾಗದಂತೆ ಪಂಪನ್ನು ಓರೆಯಾಗಿ ಎತ್ತಬೇಕು. ಆಗ ಹೊರಬರುವ ರಬ್ಬರ್ ರಿಂಗು ಪೆಟ್ರೋಲ್ ಕುಡಿದು ಉಬ್ಬಿರುತ್ತದೆ. ಮತ್ತೆ ಕೂರಿಸಲು ಹೋದರೆ ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಏಳುತ್ತದೆ. ಹೊಸದನ್ನೇ ಹಾಕಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವನು ಕೇಳುವ ಪ್ರಶ್ನೆ ಗಹನವಾದದ್ದು: ‘ಬರೀ ಮೋಟರ್ ಸಾಕಾ, ಅಸೆಂಬ್ಲಿ ಬೇಕಾ?’ ಮೋಟರು ಬೇರೆ, ಅದರ ಗೂಡು ಬೇರೆ ಎನ್ನುವುದು ದ್ವೈತ. ಎಲ್ಲ ಸೇರಿ ಒಂದೇ, ಬಿಡಿಯಾಗಿ ಕೊಡುವುದಿಲ್ಲ ಎನ್ನುವುದು ಅದ್ವೈತ. ಅದ್ವೈತಕ್ಕೆ ಬೆಲೆ ಜಾಸ್ತಿ.

ಪಂಪು ಬಹುಕಾಲ ಬಾಳುವುದರಿಂದ ಅದನ್ನು ಮೇಲಿನಿಂದ ಮುಟ್ಟಲು ಬಾಗಿಲಿನ ಅಗತ್ಯವಿಲ್ಲ ಎಂಬುದು ಕಾರು ಮಾಡುವವರ ಪೂರ್ವಪಕ್ಷ. ಮೊದಲ ಮಾಲೀಕನ ಮಟ್ಟಿಗೆ ಇದು ಸತ್ಯ. ಮೂರನೆಯವನೊಬ್ಬ ಇದ್ದಾನೆಂಬುದೇ ಈ ದರ್ಶನದಲ್ಲಿಲ್ಲ. ಸೀಟಿನಡಿಯ ತಗಡಿನಲ್ಲಿ ಊಟದ ತಟ್ಟೆಯಗಲದ ಮುಚ್ಚಳವೊಂದಿದ್ದರೆ ದಿನವಿಡೀ ಹಿಡಿಯುವ ಕೆಲಸ ತಾಸಿನಲ್ಲಿ ಮುಗಿಯುತ್ತದೆ. ಕೆಲವು ಕಾರುಗಳಲ್ಲಿ ಅದು ಇದೆ, ಕೆಲವದರಲ್ಲಿ ಇಲ್ಲ. ಆದ್ದರಿಂದ ಹಳೆ ಕಾರು ಕೊಳ್ಳಲು ಹೋದವರು ಬಣ್ಣ, ಟೈರು, ಕಿಲೋಮೀಟರ್ ನೋಡುವ ಮೊದಲು ಹಿಂದಿನ ಸೀಟು ಎತ್ತಿಸಿ ನೋಡಿ. ಮುಚ್ಚಳವಿಲ್ಲದಿದ್ದರೆ ಟ್ಯಾಂಕ್ ಇಳಿಸುವ ಕೂಲಿಯನ್ನು ಅಲ್ಲೇ ಬೆಲೆಯಲ್ಲಿ ಮುರಿದುಕೊಳ್ಳಿ.